ಯಂತ್ರದ ವ್ಯಾಕರಣ, ನಮ್ಮ ಗಿಳಿಪಾಠ

"ಯಂತ್ರಕ್ಕೆ ವ್ಯಾಕರಣವೆಲ್ಲಿಂದ ಬಂದೀತು? ಗಿಳಿಪಾಠ ಒಪ್ಪಿಸುತ್ತದೆ, ಅಷ್ಟೆ" ಎಂದು ತೀರ್ಪು ಕೊಟ್ಟು ಕೈತೊಳೆದುಕೊಳ್ಳುವವರು ನಮ್ಮ ಕನ್ನಡ ವಿಭಾಗಗಳಲ್ಲಿ ಬಹುಮಂದಿ. ಇಪ್ಪತ್ತು ವರ್ಷಗಳಿಂದ ಸಂಧಿ ಸಮಾಸಗಳ ಪಾಠ ಹೇಳಿಕೊಂಡು ಬಂದ ನನಗೆ ಈ ತೀರ್ಪು ಒಪ್ಪಿಗೆಯಿಲ್ಲ.

"ಹುಡುಗನು ಗೆಳೆಯರ ಪುಸ್ತಕಗಳನ್ನು ಅವರ ಮನೆಗಳಿಂದ" ಎಂಬಲ್ಲಿಗೆ ವಾಕ್ಯವನ್ನು ನಿಲ್ಲಿಸಿ ನೋಡಿ. ಮುಂದಿನ ಮಾತು 'ತಂದನು'. 'ತಂದರು' ಅಲ್ಲ, 'ತಂದವು' ಅಲ್ಲ. ನಡುವೆ ಎಷ್ಟೇ ಬಹುವಚನಗಳು ಅಡ್ಡಬಂದರೂ ಕ್ರಿಯಾಪದ ತನ್ನ ಕರ್ತೃವನ್ನೇ ಹುಡುಕಿಕೊಂಡು ಹೋಗಬೇಕು. ಇಂಥದೇ ಪರೀಕ್ಷೆಯನ್ನು 2016ರಲ್ಲಿ ಲಿನ್‌ಜೆನ್, ಡುಪೂ, ಗೋಲ್ಡ್‌ಬರ್ಗ್ ಎಂಬ ವಿದ್ವಾಂಸರು ಇಂಗ್ಲಿಷಿನಲ್ಲಿ ನರಜಾಲ ಯಂತ್ರಕ್ಕೆ ಒಡ್ಡಿದರು. ಅಡ್ಡಪದಗಳು ಹೆಚ್ಚಿದಷ್ಟೂ ಅದು ಎಡವಿತು, ನಿಜ. ಆದರೆ 2018ರಲ್ಲಿ ಮತ್ತೊಂದು ತಂಡ ಇಟಾಲಿಯನ್, ಇಂಗ್ಲಿಷ್, ಹೀಬ್ರೂ, ರಷ್ಯನ್ ಭಾಷೆಗಳಲ್ಲಿ, ವ್ಯಾಕರಣಶುದ್ಧವಾಗಿದ್ದೂ ಅರ್ಥವೇ ಇಲ್ಲದ ವಾಕ್ಯಗಳನ್ನು ಕೊಟ್ಟು ನೋಡಿತು. ಮುಂದಿನ ಪದವನ್ನು ಊಹಿಸುವುದೊಂದನ್ನೇ ಕಲಿತಿದ್ದ ಯಂತ್ರ ಅಲ್ಲಿಯೂ ಬಹುಮಟ್ಟಿಗೆ ಸರಿಯಾದ ವಚನವನ್ನೇ ಆರಿಸಿತು. ಯಾರೂ ಎಂದೂ ಆಡಿರದ ಅಸಂಬದ್ಧ ವಾಕ್ಯವನ್ನು ಗಿಳಿ ಯಾರಿಂದ ಕಲಿತೀತು, ಸ್ವಾಮಿ?

ಒಳಗೆ ಸೂತ್ರವಿಲ್ಲ, ವೃತ್ತಿಯಿಲ್ಲ. ಪ್ರತಿಯೊಂದು ಪದವೂ ಅಲ್ಲಿ ನೂರಾರು ಸಂಖ್ಯೆಗಳ ಒಂದು ಸಾಲು. ಪದರದಿಂದ ಪದರಕ್ಕೆ ಹೋಗುವಾಗ ವಾಕ್ಯದ ಉಳಿದ ಪದಗಳನ್ನು ಗಮನಿಸಿ ಆ ಸಂಖ್ಯೆಗಳು ಬದಲಾಗುತ್ತವೆ. 2019ರಲ್ಲಿ ಸ್ಟ್ಯಾನ್‌ಫರ್ಡಿನ ಹ್ಯೂಯಿಟ್ ಮತ್ತು ಮ್ಯಾನಿಂಗ್ ಇವುಗಳನ್ನು ಒಂದು ತಕ್ಕ ಅಳತೆಗೋಲಿನಿಂದ ಅಳೆದಾಗ, ಪದಪದಗಳ ನಡುವಣ ದೂರವು ವಾಕ್ಯವಿಶ್ಲೇಷಣೆಯ ಮರದಲ್ಲಿನ ದೂರವನ್ನು ಬಹಳಮಟ್ಟಿಗೆ ಹೋಲಿತು. (ಮರ ಇರುವುದು ಬೇರೆ, ಯಂತ್ರ ಅದನ್ನು ಬಳಸುವುದು ಬೇರೆ ಎಂಬ ತಕರಾರು ನ್ಯಾಯವಾದದ್ದೇ; ಇಲ್ಲದ ಮರದ ಬಗ್ಗೆ ಅದು ಏಳುತ್ತಲೇ ಇರಲಿಲ್ಲ.) ಕೇಶಿರಾಜನೂ 13ನೆಯ ಶತಮಾನದಲ್ಲಿ ಪೂರ್ವಕವಿಗಳ ಪ್ರಯೋಗಗಳನ್ನು ಮುಂದಿಟ್ಟುಕೊಂಡೇ ಸೂತ್ರ ಕಟ್ಟಿದ. ಅವನು ಬರೆದಿಟ್ಟ, ಯಂತ್ರ ಬರೆದಿಡಲಿಲ್ಲ.

ನನ್ನ ಜಗಳ ಬೇರೆಯೇ ಇದೆ. ಆ ನಾಲ್ಕು ಭಾಷೆಗಳಲ್ಲಿ ಕನ್ನಡವಿಲ್ಲ. 'ಮನೆಗಳಿಂದ' ಎಂಬುದನ್ನು ಯಂತ್ರ ಪ್ರಕೃತಿ-ಪ್ರತ್ಯಯಗಳೆಂದು ಬಿಡಿಸುವುದಿಲ್ಲ. ಯಾವ ಅಕ್ಷರಗಳು ಹೆಚ್ಚಾಗಿ ಜೊತೆಗೆ ಬರುತ್ತವೆಂಬ ಲೆಕ್ಕದ ಮೇಲೆ ತುಂಡರಿಸುತ್ತದೆ. ಇಂಗ್ಲಿಷಿನ ರಾಶಿಯ ಮುಂದೆ ಕನ್ನಡದ ಬರಹ ಅಲ್ಪವಾದ್ದರಿಂದ ನಮ್ಮ ಪದಗಳಿಗೆ ತುಂಡುಗಳೂ ಸಾಮಾನ್ಯವಾಗಿ ಹೆಚ್ಚು. 'ಗುರುಗಳು ಬಂದರು' ಎಂದಾಗ ಬಂದವರು ಒಬ್ಬರೋ ಹಲವರೋ? ಗೌರವದ ಬಹುವಚನವನ್ನು ಆ ಸಂಖ್ಯೆಗಳ ಸಾಲು ಬೇರೆಯಾಗಿ ಹಿಡಿದಿಟ್ಟಿದೆಯೇ? ಎಂಜಿನಿಯರರಿಗೆ ಈ ಪ್ರಶ್ನೆ ಹೊಳೆಯುವುದು ಕಷ್ಟ. ಇದಕ್ಕೆ ಬೇಕಾದ ಸಾವಿರ ಪರೀಕ್ಷಾವಾಕ್ಯಗಳನ್ನು ರಚಿಸಿಕೊಡಬೇಕಾದವರು ಗಿಳಿಯ ಮಾತಾಡಿ ಕಾಫಿಗೆ ಎದ್ದುಹೋಗಿದ್ದಾರೆ.