ಕೊಂಡ ಆಟ ಯಾರದ್ದು?

ಹೊಸ ಗೇಮ್ ಕನ್ಸೋಲ್ ಒಂದರ ಘೋಷಣೆ ಕೇಳಿ ಗೇಮರ್‌ಗಳು ಕೆರಳಿದಾಗ ಮನೆಯ ಹಿರಿಯರು ಸಾಮಾನ್ಯವಾಗಿ ಕೇಳುವುದು ಒಂದೇ: ಆಡುವ ಸಾಮಾನಿಗೆ ಇಷ್ಟೊಂದು ರಂಪವೇಕೆ? ಇಷ್ಟವಿಲ್ಲದಿದ್ದರೆ ಕೊಳ್ಳದಿದ್ದರಾಯಿತಲ್ಲ? ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಉತ್ತರ ಬೇಕಾದರೆ 2013ರಲ್ಲಿ ಅಮೆರಿಕದಲ್ಲಿ ನಡೆದದ್ದನ್ನು ತುಸು ನಿಧಾನವಾಗಿ ನೋಡಬೇಕು. ಆ ವರ್ಷ ಮೈಕ್ರೋಸಾಫ್ಟ್ ಕಂಪನಿ ಎಕ್ಸ್‌ಬಾಕ್ಸ್ ಒನ್ ಎಂಬ ಕನ್ಸೋಲನ್ನು ಪ್ರಕಟಿಸಿತು. ಒಂದು ತಿಂಗಳು ತುಂಬುವುದರೊಳಗೆ ತಾನೇ ಸಾರಿದ್ದ ಮುಖ್ಯ ನಿಯಮಗಳನ್ನು ತಾನೇ ಹಿಂತೆಗೆದುಕೊಂಡಿತು. ಅಷ್ಟು ದೊಡ್ಡ ಕಂಪನಿಯನ್ನು ಅಷ್ಟು ಬೇಗ ಮಣಿಸಿದ ಸಿಟ್ಟನ್ನು ಹುಡುಗಾಟಿಕೆ ಎನ್ನಲು ನನಗೆ ಮನಸ್ಸಿಲ್ಲ. ಕಾಸು ಕೊಟ್ಟು ಕೊಂಡ ವಸ್ತುವಿನ ಮೇಲೆ ಕೊಂಡವರಿಗೆ ಎಷ್ಟು ಹಕ್ಕಿದೆ ಎಂಬ ಬಹಳ ಗಂಭೀರವಾದ ಪ್ರಶ್ನೆಯನ್ನು ಆ ಆಟಗಾರರು ಎತ್ತಿದ್ದರು, ಮತ್ತು ಸರಿಯಾದ ಹೊತ್ತಿನಲ್ಲೇ ಎತ್ತಿದ್ದರು.

ಮೊದಲು ಈ ವ್ಯಾಪಾರ ನಡೆಯುವ ಬಗೆ ತಿಳಿದಿರಲಿ. ಟಿ.ವಿ.ಗೆ ಜೋಡಿಸಿ ಆಡಲೆಂದೇ ಮಾಡಿದ ಕಂಪ್ಯೂಟರಿಗೆ ಕನ್ಸೋಲ್ ಎನ್ನುತ್ತಾರೆ. ಸೋನಿ, ಮೈಕ್ರೋಸಾಫ್ಟ್, ನಿಂಟೆಂಡೊ, ಈ ಮೂರು ಕಂಪನಿಗಳದ್ದೇ ಇಲ್ಲಿ ಪಾರುಪತ್ಯ. ಯಂತ್ರವನ್ನು ಹೆಚ್ಚಾಗಿ ತಯಾರಿಕೆಯ ಖರ್ಚಿನ ಆಸುಪಾಸಿಗೆ, ಕೆಲವೊಮ್ಮೆ ನಷ್ಟಕ್ಕೂ ಮಾರುತ್ತಾರೆ. ಲಾಭ ಬರುವುದು ಆಮೇಲೆ, ಆಟಗಳಿಂದ. ಬೇರೆ ಯಾರೋ ತಯಾರಿಸಿದ ಆಟ ಮಾರಾಟವಾದರೂ ಅದರಲ್ಲಿ ಕನ್ಸೋಲ್ ಕಂಪನಿಗೆ ಒಂದು ಪಾಲು ಸಲ್ಲುತ್ತದೆ. ಒಂದು ಕಂಪನಿಯ ಕನ್ಸೋಲಿಗೆಂದು ಕೊಂಡ ಆಟ ಇನ್ನೊಂದರ ಕನ್ಸೋಲಿನಲ್ಲಿ ನಡೆಯುವುದಿಲ್ಲ. ಹಾಗಾಗಿ ಕನ್ಸೋಲ್ ಮನೆಗೆ ತಂದವರು ಆರೇಳು ವರ್ಷ ಒಂದೇ ಕಂಪನಿಯ ಅಂಗಳದಲ್ಲಿ ಇರಬೇಕಾಗುತ್ತದೆ. ಆ ಅಂಗಳದ ಷರತ್ತುಗಳು ಹೊರಬೀಳುವುದು ಘೋಷಣೆಯ ದಿನ. ಗೇಮರ್‌ಗಳು ಅಂದು ಅಷ್ಟು ಕಿವಿಗೊಟ್ಟು ಕೇಳುವುದು ಅದಕ್ಕೇ.

2013ರ ಮೇ 21ರಂದು ವಾಷಿಂಗ್ಟನ್ ರಾಜ್ಯದ ರೆಡ್ಮಂಡ್‌ನಲ್ಲಿರುವ ಮೈಕ್ರೋಸಾಫ್ಟ್ ಆವರಣದಲ್ಲಿ ಸುಮಾರು ಒಂದು ಗಂಟೆಯ ಕಾರ್ಯಕ್ರಮ ನಡೆಯಿತು. ವೇದಿಕೆಯ ಮೇಲಿದ್ದವರು ಟಿ.ವಿ.ಯ ಮಾತನ್ನೇ ಬಹಳ ಹೊತ್ತು ಆಡಿದರು. ಬಾಯಿಮಾತಿನಲ್ಲೇ ಚಾನೆಲ್ ಬದಲಿಸಬಹುದು, ಸಿನಿಮಾ ನೋಡುತ್ತಲೇ ಪಕ್ಕದಲ್ಲಿ ಸ್ಕೈಪ್ ಕರೆ ತೆಗೆದುಕೊಳ್ಳಬಹುದು, ಅಮೆರಿಕನ್ ಫುಟ್‌ಬಾಲ್ ಲೀಗ್ ಜೊತೆ ಒಪ್ಪಂದವಾಗಿದೆ, ಸ್ಟೀವನ್ ಸ್ಪಿಲ್‌ಬರ್ಗ್ ಅವರ ಸಹಯೋಗದಲ್ಲಿ ಹೇಲೋ ಎಂಬ ಆಟದ ಧಾರಾವಾಹಿ ಬರಲಿದೆ ಎಂದೆಲ್ಲ ಹೇಳಿದರು. ಅಮೆರಿಕದ ಕೇಬಲ್ ಸಂಪರ್ಕ ಇಲ್ಲದವರಿಗೆ ಇದರಲ್ಲಿ ಬಹುಪಾಲು ಪ್ರಯೋಜನಕ್ಕೆ ಬಾರದ ಮಾತು. ಆಟಗಳ ಬಗ್ಗೆ ಕೇಳಲು ಕೂತವರಿಗೆ ನಿರಾಸೆಯಾಯಿತು. ಆದರೆ ನಿರಾಸೆ ಸಿಟ್ಟಾಗಿ ತಿರುಗಿದ್ದು ಕಾರ್ಯಕ್ರಮ ಮುಗಿದ ಮೇಲೆ. ಕೊಂಡ ಡಿಸ್ಕನ್ನು ಗೆಳೆಯನಿಗೆ ಕೊಡಬಹುದೇ, ಇಂಟರ್ನೆಟ್ ಇಲ್ಲದೆ ಆಡಬಹುದೇ ಎಂಬ ಸರಳ ಪ್ರಶ್ನೆಗಳಿಗೆ ಕಂಪನಿಯ ಒಬ್ಬೊಬ್ಬ ಅಧಿಕಾರಿ ಒಂದೊಂದು ರೀತಿ ಉತ್ತರಿಸಿದರು.

ಕೊನೆಗೆ ಜೂನ್ 6ರಂದು ನಿಯಮಗಳು ಬರಹದಲ್ಲಿ ಬಂದವು. ಯಂತ್ರ 24 ಗಂಟೆಗೊಮ್ಮೆಯಾದರೂ ಇಂಟರ್ನೆಟ್ ಮೂಲಕ ಕಂಪನಿಯ ಸರ್ವರನ್ನು ಸಂಪರ್ಕಿಸಬೇಕು, ಇಲ್ಲವಾದರೆ ಆಟ ನಿಲ್ಲುತ್ತದೆ. ನಿಮ್ಮ ಆಟವನ್ನು ನೀವೇ ಇನ್ನೊಬ್ಬರ ಯಂತ್ರದಲ್ಲಿ ಆಡುವುದಾದರೆ ಆ ಅವಧಿ ಒಂದೇ ಗಂಟೆ. ಹಳೆಯ ಡಿಸ್ಕನ್ನು ಮಾರಬಹುದು, ಆದರೆ ಆಟ ಪ್ರಕಟಿಸಿದ ಕಂಪನಿ ಒಪ್ಪಿದರೆ ಮಾತ್ರ, ಅದೂ ಗೊತ್ತುಮಾಡಿದ ಅಂಗಡಿಗಳಲ್ಲಿ ಮಾತ್ರ. ಗೆಳೆಯರಿಗೆ ಕೊಡಬಹುದು, ಆದರೆ ಅವರು ನಿಮ್ಮ ಸ್ನೇಹಿತರ ಪಟ್ಟಿಯಲ್ಲಿ ಕನಿಷ್ಠ 30 ದಿನ ಇದ್ದಿರಬೇಕು, ಮತ್ತು ಒಂದು ಆಟವನ್ನು ಹಾಗೆ ಕೊಡಲು ಸಿಗುವುದು ಒಂದೇ ಅವಕಾಶ. ಬಾಡಿಗೆಗೆ ತರುವುದು, ಎರವಲು ಕೊಡುವುದು ಆರಂಭದಲ್ಲಿ ಇಲ್ಲವೇ ಇಲ್ಲ.

ಪುಸ್ತಕಕ್ಕೆ ಇದೇ ನಿಯಮ ಬಂದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ. ಕಾದಂಬರಿ ಓದಿ ಮುಗಿಸಿ ಪಕ್ಕದ ಮನೆಯವರಿಗೆ ಕೊಡುತ್ತೇವೆ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದಂಗಡಿಗಳು ತಲೆಮಾರುಗಳ ವಿದ್ಯಾರ್ಥಿಗಳನ್ನು ಸಾಕಿವೆ. ಪುಸ್ತಕದೊಳಗಿನ ಬರಹ ಲೇಖಕರದ್ದು, ಆದರೆ ನಮ್ಮ ಕೈಯಲ್ಲಿರುವ ಪ್ರತಿ ನಮ್ಮದು, ಅದನ್ನು ಮಾರುವುದೂ ಕೊಡುವುದೂ ನಮ್ಮ ಇಷ್ಟ. ಅಮೆರಿಕದ ಕಾಪಿರೈಟ್ ಕಾನೂನು ಈ ತತ್ವವನ್ನು ಸ್ಪಷ್ಟವಾಗಿಯೇ ಒಪ್ಪಿಕೊಂಡಿದೆ: ಒಂದು ಪ್ರತಿಯನ್ನು ಒಮ್ಮೆ ಮಾರಿದ ಮೇಲೆ ಆ ಪ್ರತಿಯ ಮುಂದಿನ ಕೈಬದಲಾವಣೆಯ ಮೇಲೆ ಹಕ್ಕುದಾರರಿಗೆ ಹಿಡಿತವಿಲ್ಲ. ಅಲ್ಲಿ ಆಗ ಹೊಸ ಆಟವೊಂದಕ್ಕೆ 60 ಡಾಲರ್ ಬೆಲೆಯಿತ್ತು. ಆಡಿ ಮುಗಿಸಿದ ಆಟವನ್ನು ಅಂಗಡಿಗೆ ಕೊಟ್ಟು, ಸಿಕ್ಕ ಮೊತ್ತಕ್ಕೆ ಸ್ವಲ್ಪ ಸೇರಿಸಿ ಮುಂದಿನ ಆಟ ಕೊಳ್ಳುವುದು ಸಾಧಾರಣ ಆದಾಯದ ಮನೆಗಳ ಮಕ್ಕಳು ಈ ಹವ್ಯಾಸದಲ್ಲಿ ಉಳಿಯುವ ದಾರಿ. ಇಲ್ಲಿ ನಮ್ಮಲ್ಲೂ ಸೆಕೆಂಡ್ ಹ್ಯಾಂಡ್ ಡಿಸ್ಕ್‌ಗಳ ಕೊಡುಕೊಳ್ಳುವಿಕೆ ಇಲ್ಲದಿದ್ದರೆ ಎಷ್ಟೋ ಹುಡುಗರಿಗೆ ಕನ್ಸೋಲ್ ಕೈಗೆಟುಕದ ಮಾತಾಗುತ್ತಿತ್ತು.

ಆಟ ತಯಾರಿಸುವವರ ಅಳಲನ್ನೂ ಹೇಳಬೇಕು. ಹಳೆಯ ಡಿಸ್ಕ್ ಎರಡು ಮೂರು ಬಾರಿ ಕೈಬದಲಾದರೂ ಅವರಿಗೆ ದುಡ್ಡು ಬರುವುದು ಮೊದಲ ಮಾರಾಟದಲ್ಲಿ ಮಾತ್ರ, ಉಳಿದದ್ದು ಅಂಗಡಿಯವರ ಜೇಬಿಗೆ. ಒಂದು ದೊಡ್ಡ ಆಟಕ್ಕೆ ನೂರಾರು ಜನರ ವರ್ಷಗಟ್ಟಲೆ ದುಡಿಮೆ ಬೇಕು ಎನ್ನುವಾಗ ಇದು ಸಣ್ಣ ಸಂಕಟವಲ್ಲ. ಕಂಪ್ಯೂಟರಿನಲ್ಲಿ ಆಡುವವರು ಸ್ಟೀಮ್ ಎಂಬ ಆನ್‌ಲೈನ್ ಮಳಿಗೆಯಲ್ಲಿ ಆಟಗಳನ್ನು ಮರುಮಾರಾಟದ ಅವಕಾಶವಿಲ್ಲದೆಯೇ ಆಗಲೇ ಕೊಳ್ಳುತ್ತಿರಲಿಲ್ಲವೇ ಎಂಬ ವಾದವೂ ಇತ್ತು. ಆ ವಾದಕ್ಕೆ ಆಟಗಾರರ ಉತ್ತರ ನನಗೆ ಒಪ್ಪಿಗೆಯಾಗುತ್ತದೆ. ಸ್ಟೀಮ್‌ನಲ್ಲಿ ಮರುಮಾರಾಟದ ಹಕ್ಕು ಬಿಟ್ಟುಕೊಟ್ಟವರಿಗೆ ಬದಲಿಗೆ ಭಾರಿ ರಿಯಾಯಿತಿ ಸಿಗುತ್ತಿತ್ತು. ಎಕ್ಸ್‌ಬಾಕ್ಸ್ ಒನ್‌ನಲ್ಲಿ ಬೆಲೆ ಇಳಿಯುವ ಭರವಸೆಯನ್ನು ಯಾರೂ ಕೊಟ್ಟಿರಲಿಲ್ಲ.

ದಿನಕ್ಕೊಮ್ಮೆ ಇಂಟರ್ನೆಟ್ ಎಂಬ ನಿಯಮ ಇನ್ನೂ ಹೆಚ್ಚು ನೋಯಿಸಿತು. ವಿದೇಶದಲ್ಲಿ ಬೀಡುಬಿಟ್ಟ ಅಮೆರಿಕದ ಸೈನಿಕರು, ತಿಂಗಳುಗಟ್ಟಲೆ ಹಡಗಿನಲ್ಲಿರುವ ನಾವಿಕರು, ಹಳ್ಳಿಗಾಡಿನವರು, ಇವರೆಲ್ಲ ತಮ್ಮ ಗತಿ ಏನು ಎಂದು ಕೇಳಿದರು. ಎಕ್ಸ್‌ಬಾಕ್ಸ್ ವಿಭಾಗದ ಮುಖ್ಯಸ್ಥ ಡಾನ್ ಮ್ಯಾಟ್ರಿಕ್ ಸಂದರ್ಶನವೊಂದರಲ್ಲಿ, ಸಂಪರ್ಕ ಇಲ್ಲದವರಿಗೆಂದು ನಮ್ಮಲ್ಲಿ ಎಕ್ಸ್‌ಬಾಕ್ಸ್ 360 ಇದೆ ಎಂಬರ್ಥದ ಉತ್ತರ ಕೊಟ್ಟರು. ಸುಮಾರು ಎಂಟು ವರ್ಷ ಹಳೆಯ ಯಂತ್ರ ಅದು. ಹೊಸ ಕಾಲ ನಿಮಗಲ್ಲ ಎಂದಂತೆ ಕೇಳಿಸಿತು ಆ ಮಾತು. ಭಾರತದಲ್ಲಿ ಆಗ ಸೆಕೆಂಡಿಗೆ 512 ಕಿಲೋಬಿಟ್ ವೇಗವಿದ್ದರೂ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳುತ್ತಿತ್ತು. ಒಂದು ಬ್ಲೂ-ರೇ ಡಿಸ್ಕಿನಲ್ಲಿ 50 ಗಿಗಾಬೈಟ್ ಹಿಡಿಸುತ್ತದೆ. ಅಷ್ಟನ್ನು ಆ ವೇಗದಲ್ಲಿ ಇಳಿಸಿಕೊಳ್ಳಲು ಹಗಲೂ ರಾತ್ರಿ ಸೇರಿ ಒಂಬತ್ತು ದಿನ ಬೇಕು, ನಡುವೆ ಕರೆಂಟ್ ಹೋಗಬಾರದು. ಇಂಥ ಕಡೆ ಡಿಸ್ಕ್ ಎಂಬುದು ಆಟ ಮನೆ ಸೇರುವ ಏಕೈಕ ದಾರಿಯಾಗಿತ್ತು.

ಕಿನೆಕ್ಟ್ ವಿಷಯದಲ್ಲಿ ಕಾಲವೇ ಮೈಕ್ರೋಸಾಫ್ಟ್‌ಗೆ ಕೈಕೊಟ್ಟಿತು. ಕೋಣೆಯನ್ನು ನೋಡುವ ಕ್ಯಾಮೆರಾ ಮತ್ತು ಮಾತಿಗಾಗಿ ಸದಾ ಕಿವಿಗೊಟ್ಟಿರುವ ಮೈಕು ಸೇರಿದ ಸಾಧನ ಅದು. ಅದನ್ನು ಜೋಡಿಸದೆ ಯಂತ್ರ ನಡೆಯುವುದಿಲ್ಲ ಎಂದು ಮೊದಲು ಹೇಳಿದ್ದರು. ನಿಯಮಗಳು ಪ್ರಕಟವಾದ ಅದೇ ಜೂನ್ 6ರಂದು ಗಾರ್ಡಿಯನ್ ಮತ್ತು ವಾಷಿಂಗ್ಟನ್ ಪೋಸ್ಟ್ ಪತ್ರಿಕೆಗಳು ಎಡ್ವರ್ಡ್ ಸ್ನೋಡೆನ್ ಒದಗಿಸಿದ ದಾಖಲೆಗಳ ಆಧಾರದಲ್ಲಿ ಅಮೆರಿಕ ಸರಕಾರದ ಪ್ರಿಸಂ ಕಣ್ಗಾವಲು ಯೋಜನೆಯನ್ನು ಬಯಲಿಗೆಳೆದವು. ಅದರಲ್ಲಿ ಮೈಕ್ರೋಸಾಫ್ಟ್ ಹೆಸರೂ ಇತ್ತು. ಸರಕಾರಕ್ಕೆ ಸರ್ವರ್‌ಗಳಿಗೆ ನೇರ ಪ್ರವೇಶ ಕೊಟ್ಟಿಲ್ಲ ಎಂದು ಕಂಪನಿ ಹೇಳಿತಾದರೂ, ಬೈಠಕ್‌ಖಾನೆಯಲ್ಲಿ ಕಡ್ಡಾಯವಾಗಿ ಒಂದು ಕಣ್ಣು, ಒಂದು ಕಿವಿ ಇಡಿ ಎನ್ನಲು ಅದಕ್ಕಿಂತ ಕೆಟ್ಟ ಗಳಿಗೆ ಇರಲಾರದು.

ತಂತ್ರಜ್ಞಾನದ ಮಾತೂ ಸ್ವಲ್ಪ ಬೇಕು, ಏಕೆಂದರೆ ಟಿ.ವಿ.ಯ ಮೇಲಿನ ಮೋಹ ಯಂತ್ರದ ಒಳಗೂ ಇಳಿದಿತ್ತು. ಆಟ, ಟಿ.ವಿ., ಕರೆ ಎಲ್ಲವೂ ಒಟ್ಟಿಗೆ ನಡೆಯಬೇಕಾದರೆ 8 ಗಿಗಾಬೈಟ್ ಮೆಮೊರಿ ಬೇಕೇ ಬೇಕೆಂದು ಮೈಕ್ರೋಸಾಫ್ಟ್ ಮೊದಲೇ ತೀರ್ಮಾನಿಸಿ, ಅಗ್ಗವಾಗಿ ಸಿಗುವ ಡಿಡಿಆರ್3 ಬಗೆಯನ್ನು ಆರಿಸಿತು. ಅದರ ವೇಗ ಸಾಲದ್ದನ್ನು ತುಂಬಲು ಮುಖ್ಯ ಚಿಪ್ಪಿನೊಳಗೇ 32 ಮೆಗಾಬೈಟ್ ವೇಗದ ಮೆಮೊರಿಯನ್ನು ಕೂರಿಸಿತು. ಅದು ಜಾಗ ತಿಂದಷ್ಟು ಚಿತ್ರ ಬಿಡಿಸುವ ಘಟಕಗಳಿಗೆ ಜಾಗ ಕಡಿಮೆಯಾಯಿತು. ಸೋನಿ ತನ್ನ ಪ್ಲೇಸ್ಟೇಷನ್ 4ಕ್ಕೆ ವೇಗದ ಜಿಡಿಡಿಆರ್5 ಬಗೆಯನ್ನೇ 8 ಗಿಗಾಬೈಟ್ ಹಾಕಿತು. ಪರಿಣಾಮ, ಚಿತ್ರ ಬಿಡಿಸುವ ಘಟಕಗಳು ಸೋನಿಯಲ್ಲಿ 18, ಮೈಕ್ರೋಸಾಫ್ಟ್‌ನಲ್ಲಿ 12. ಬೆಲೆ ಮಾತ್ರ ತಿರುಗುಮುರುಗು: ಕಿನೆಕ್ಟ್ ಸೇರಿ ಎಕ್ಸ್‌ಬಾಕ್ಸ್ ಒನ್‌ಗೆ 499 ಡಾಲರ್, ಪ್ಲೇಸ್ಟೇಷನ್ 4ಕ್ಕೆ 399.

ಈ ಬೆಲೆಗಳು ಹೊರಬಿದ್ದದ್ದು ಜೂನ್ 10ರಂದು, ಲಾಸ್ ಏಂಜಲಿಸ್‌ನ ಇ3 ಮೇಳದಲ್ಲಿ. ಅಂದು ಸಂಜೆ ಸೋನಿಯ ಜಾಕ್ ಟ್ರೆಟನ್ ವೇದಿಕೆಗೆ ಬಂದು, ಹಳೆಯ ಆಟಗಳ ಮೇಲೆ ತಾವು ಹೊಸ ನಿರ್ಬಂಧ ಹೇರುವುದಿಲ್ಲ, ದಿನದಿನದ ಇಂಟರ್ನೆಟ್ ಪರೀಕ್ಷೆಯೂ ಇಲ್ಲ ಎಂದಾಗ ಸಭಾಂಗಣ ಚಪ್ಪಾಳೆಯಿಂದ ತುಂಬಿಹೋಯಿತು. ಅವರು ಕೊಟ್ಟದ್ದು ಹೊಸ ಸೌಲಭ್ಯವೇನಲ್ಲ, ಅದುವರೆಗೆ ಇದ್ದದ್ದು ಇರುತ್ತದೆ ಎಂಬ ಮಾತಷ್ಟೆ. ಜೊತೆಗೆ ಸೋನಿ ಒಂದು ಪುಟ್ಟ ವಿಡಿಯೊ ಬಿಟ್ಟಿತು. ಆಟ ಹಂಚಿಕೊಳ್ಳುವ ವಿಧಾನವನ್ನು ಹೇಳಿಕೊಡುವ ವಿಡಿಯೊ ಅದು. ಕಂಪನಿಯ ಒಬ್ಬ ಅಧಿಕಾರಿ ಇನ್ನೊಬ್ಬರ ಕೈಗೆ ಡಿಸ್ಕ್ ಕೊಡುತ್ತಾರೆ, ಅವರು ಥ್ಯಾಂಕ್ಸ್ ಎನ್ನುತ್ತಾರೆ, ಮುಗಿಯಿತು.

ಒಂಬತ್ತು ದಿನಗಳ ನಂತರ, ಜೂನ್ 19ರಂದು, ಮೈಕ್ರೋಸಾಫ್ಟ್ ಮಣಿಯಿತು. 24 ಗಂಟೆಯ ನಿಯಮ ಹೋಯಿತು, ಡಿಸ್ಕನ್ನು ಕೊಡುವ, ಮಾರುವ ಸ್ವಾತಂತ್ರ್ಯ ಉಳಿಯಿತು. ಅದರೊಂದಿಗೆ ಒಂದು ಒಳ್ಳೆಯ ಸಂಗತಿಯೂ ಕೊಚ್ಚಿಹೋಯಿತು: ಮನೆಮಂದಿ ಹತ್ತು ಜನರವರೆಗೆ ಒಬ್ಬರ ಆಟಗಳ ಸಂಗ್ರಹವನ್ನು ದೂರದಿಂದಲೇ ಹಂಚಿಕೊಳ್ಳುವ ಯೋಜನೆ. ಅದನ್ನು ಮೊದಲೇ ಸರಿಯಾಗಿ ವಿವರಿಸಿದ್ದರೆ ಜನ ತೂಗಿ ನೋಡುತ್ತಿದ್ದರೇನೋ. ಜುಲೈ 1ಕ್ಕೆ ಮ್ಯಾಟ್ರಿಕ್ ಕಂಪನಿ ಬಿಡುವ ಸುದ್ದಿ ಬಂತು. ಮುಂದಿನ ಜೂನ್‌ನಲ್ಲಿ ಕಿನೆಕ್ಟ್ ಇಲ್ಲದ ಯಂತ್ರ 399 ಡಾಲರಿಗೆ ಬಂತು. ಭಾರತಕ್ಕೆ ಎಕ್ಸ್‌ಬಾಕ್ಸ್ ಒನ್ ಬಂದದ್ದು 2014ರ ಸೆಪ್ಟೆಂಬರಿನಲ್ಲಿ. ಪ್ಲೇಸ್ಟೇಷನ್ 4 ಆ ವರ್ಷದ ಜನವರಿಯಲ್ಲೇ ಇಲ್ಲಿಗೆ ಬಂದಾಗಿತ್ತು. ಪ್ಲೇಸ್ಟೇಷನ್ 4 ಒಟ್ಟು 11.7 ಕೋಟಿಗೂ ಹೆಚ್ಚು ಮಾರಾಟವಾಯಿತು. ಅದು ತಮ್ಮ ಯಂತ್ರದ ಎರಡು ಪಟ್ಟಿಗೂ ಮಿಗಿಲೆಂದು 2022ರಲ್ಲಿ ಬ್ರೆಜಿಲ್‌ನ ಸ್ಪರ್ಧಾ ನಿಯಂತ್ರಣ ಸಂಸ್ಥೆಗೆ ಸಲ್ಲಿಸಿದ ದಾಖಲೆಯಲ್ಲಿ ಮೈಕ್ರೋಸಾಫ್ಟ್ ತಾನೇ ಒಪ್ಪಿಕೊಂಡಿತು.

ಇಲ್ಲಿಗೇ ನಿಲ್ಲಿಸಿದರೆ ಬಳಕೆದಾರರ ಗೆಲುವಿನ ಕಥೆಯಾಗುತ್ತದೆ. ನಂತರ ನಡೆದದ್ದು ಬೇರೆ. 2023ರಲ್ಲಿ ಎಕ್ಸ್‌ಬಾಕ್ಸ್ ಮುಖ್ಯಸ್ಥರಾಗಿದ್ದ ಫಿಲ್ ಸ್ಪೆನ್ಸರ್, ಸೋಲಲೇಬಾರದಿದ್ದ ಪೀಳಿಗೆಯಲ್ಲೇ ನಾವು ಸೋತೆವು ಎಂಬರ್ಥದ ಮಾತಾಡಿದರು. ಆ ವರ್ಷಗಳಲ್ಲಿ ಜನ ಡಿಸ್ಕ್ ಬಿಟ್ಟು ಆನ್‌ಲೈನ್ ಮಳಿಗೆಯಿಂದ ಆಟ ಇಳಿಸಿಕೊಳ್ಳಲು ಶುರುಮಾಡಿ, ತಮ್ಮ ಸಂಗ್ರಹವನ್ನು ಒಂದೇ ಕಂಪನಿಯ ಖಾತೆಯಲ್ಲಿ ಕಟ್ಟಿಕೊಂಡರು. ಈಗ ಆ ಸಂಗ್ರಹ ಬಿಟ್ಟು ಬೇರೆಡೆ ಬರುವವರು ಕಡಿಮೆ ಎಂಬುದು ಅವರ ವಿವರಣೆ. ವ್ಯಾಪಾರಿಯ ದೃಷ್ಟಿಯ ಮಾತು, ಆದರೆ ನಿಜ. ಹೀಗೆ ಇಳಿಸಿಕೊಂಡ ಆಟವನ್ನು ಮಾರಲು ಬರುವುದಿಲ್ಲ, ಗೆಳೆಯನಿಗೆ ಕೊಡಲು ಬರುವುದಿಲ್ಲ. 2013ರ ಜೂನ್‌ನಲ್ಲಿ ಜನ ಕೂಗಿ ತಡೆದದ್ದರಲ್ಲಿ ಬಹುಭಾಗ, ಯಾವ ವೇದಿಕೆಯ ಘೋಷಣೆಯೂ ಇಲ್ಲದೆ, ಒಂದೊಂದೇ ಖರೀದಿಯ ಮೂಲಕ ಒಳಗೆ ಬಂತು. ಇದಕ್ಕೆ ಆಟಗಾರರನ್ನು ದೂರಲಾರೆ. ಮನೆಯಲ್ಲಿ ಕೂತೇ ನಡುರಾತ್ರಿ ಆಟ ಕೊಳ್ಳುವುದು ನಿಜಕ್ಕೂ ಅನುಕೂಲ, ಮತ್ತು ಅದರ ಬೆಲೆ ತೆರಬೇಕಾದದ್ದು ಬಹಳ ವರ್ಷಗಳ ಮೇಲೆ.

ಅಂದು ಡಿಸ್ಕ್ ಕೈಗಿಟ್ಟು ಚಪ್ಪಾಳೆ ಗಿಟ್ಟಿಸಿದ ಸೋನಿ 2024ರ ಸೆಪ್ಟೆಂಬರ್ 10ರಂದು ಪ್ಲೇಸ್ಟೇಷನ್ 5 ಪ್ರೊ ಪ್ರಕಟಿಸಿತು. ಆಗ ಅದರ ಬೆಲೆ 699.99 ಡಾಲರ್, ಡಿಸ್ಕ್ ಡ್ರೈವ್ ಒಳಗೊಂಡಿರಲಿಲ್ಲ, ಬೇಕಿದ್ದವರು 79.99 ಡಾಲರ್ ಕೊಟ್ಟು ಬೇರೆಯಾಗಿ ಕೊಳ್ಳಬೇಕಿತ್ತು. ಮತ್ತೆ ಸಿಟ್ಟು ಭುಗಿಲೆದ್ದಿತು, ಹೆಚ್ಚಿನವರು ಬೆಲೆಯನ್ನೇ ಬೈದರು. ನನಗೆ ಬೆಲೆಗಿಂತ ಆ ಡ್ರೈವಿನ ಸಂಗತಿಯೇ ದೊಡ್ಡದಾಗಿ ಕಾಣುತ್ತದೆ. ಡಿಸ್ಕಿನ ಸಂಗ್ರಹ ಇದ್ದವರು ತಮ್ಮದೇ ಆಟಗಳನ್ನು ಆಡಲು ಮತ್ತೆ ದುಡ್ಡು ತೆರಬೇಕು. ಭಾರತದವರಿಗೆ ಆಗ ಆ ಯಂತ್ರವೇ ಸಿಗಲಿಲ್ಲ. ಅದರ ವೈ-ಫೈ 7 ಬಳಸುವ 6 ಗಿಗಾಹರ್ಟ್ಜ್ ತರಂಗಪಟ್ಟಿಗೆ ಇಲ್ಲಿ ಇನ್ನೂ ಅನುಮತಿ ಇಲ್ಲವೆಂದು ಸೋನಿ ಕಾರಣ ಕೊಟ್ಟಿತು.

ಅದೇ 2024ರ ಮಾರ್ಚ್ 31ರಂದು ಫ್ರಾನ್ಸಿನ ಯೂಬಿಸಾಫ್ಟ್ ಕಂಪನಿ ದಿ ಕ್ರೂ ಎಂಬ ಕಾರು ಓಟದ ಆಟದ ಸರ್ವರ್‌ಗಳನ್ನು ಮುಚ್ಚಿತು. ಒಬ್ಬರೇ ಆಡುವಾಗಲೂ ಸರ್ವರ್ ಸಂಪರ್ಕ ಬೇಡುತ್ತಿದ್ದ ಆಟ ಅದು. ಹಾಗಾಗಿ ಡಿಸ್ಕ್ ಕೊಂಡಿದ್ದವರ ಕೈಯಲ್ಲೂ ಏನೂ ಉಳಿಯಲಿಲ್ಲ. 2013ರಲ್ಲಿ ಜನ ಹೆದರಿದ್ದು ಇದಕ್ಕೇ. 2024ರಲ್ಲೇ ಕ್ಯಾಲಿಫೋರ್ನಿಯಾ ಒಂದು ಕಾನೂನು ಮಾಡಿತು. ಆನ್‌ಲೈನ್‌ನಲ್ಲಿ ಆಟ, ಸಿನಿಮಾ, ಪುಸ್ತಕ ಮಾರುವವರು ಗ್ರಾಹಕರಿಗೆ ಕೊಡುತ್ತಿರುವುದು ಬಳಸುವ ಪರವಾನಗಿ ಮಾತ್ರವಾದರೆ ಹಾಗೆಂದು ಸ್ಪಷ್ಟವಾಗಿ ತಿಳಿಸಬೇಕು. 2025ರ ಜನವರಿಯಿಂದ ಅದು ಜಾರಿಯಲ್ಲಿದೆ.

2025ರ ಜೂನ್‌ನಲ್ಲಿ ಬಂದ ನಿಂಟೆಂಡೊ ಸ್ವಿಚ್ 2ರಲ್ಲಿ ಇನ್ನೊಂದು ನಡುದಾರಿ ಇದೆ. ಅದರ ಕೆಲವು ಆಟಗಳ ಕಾರ್ಡಿನಲ್ಲಿ ಆಟವೇ ಇರುವುದಿಲ್ಲ, ಡೌನ್‌ಲೋಡ್ ಮಾಡಿಕೊಳ್ಳಲು ಒಂದು ಕೀಲಿ ಮಾತ್ರ ಇರುತ್ತದೆ. ಆ ಕಾರ್ಡನ್ನು ಗೆಳೆಯರಿಗೆ ಕೊಡಬಹುದು, ಮಾರಬಹುದು, ಅಷ್ಟರ ಮಟ್ಟಿಗೆ ಖಾತೆಗೆ ಅಂಟಿಕೊಂಡ ಆಟಕ್ಕಿಂತ ಮೇಲು. ಅಂಥ ಆಟದ ಪೆಟ್ಟಿಗೆಯ ಮುಂಭಾಗದಲ್ಲಿ, ಕೆಳಗೆ, ಸೂಚನೆ ಮುದ್ರಿಸಿರುತ್ತಾರೆ. ಕೊಳ್ಳುವ ಮೊದಲು ಓದಿಕೊಳ್ಳಬೇಕು. ಡೌನ್‌ಲೋಡ್ ಒದಗಿಸುವ ಸರ್ವರ್ ಎಷ್ಟು ವರ್ಷ ಇರುತ್ತದೆ ಎಂಬುದು ಆ ಪೆಟ್ಟಿಗೆಯ ಮೇಲೆ ಇಲ್ಲ. ಸರ್ವರ್ ಮುಚ್ಚುವ ಕಂಪನಿ ಆಟವನ್ನು ಆಡಬಲ್ಲ ಸ್ಥಿತಿಯಲ್ಲಿ ಬಿಟ್ಟುಹೋಗಬೇಕು ಎಂದು ಕೇಳುವ ಮನವಿಯೊಂದಕ್ಕೆ ಅದೇ ವರ್ಷದ ಜುಲೈ ಹೊತ್ತಿಗೆ ಯುರೋಪಿಯನ್ ಒಕ್ಕೂಟದ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದ್ದರು.