ಗೋಕಾಕ ಜಲಪಾತದ ತೂಗುಸೇತುವೆ: ಆಕರವಾಗಿ ಛಾಯಾಚಿತ್ರ

‘ಗೋಕಾಕ’ ಎಂಬ ಹೆಸರು ಕಿವಿಗೆ ಬಿದ್ದೊಡನೆ ಕನ್ನಡ ಅಧ್ಯಾಪಕರಿಗೆ ನೆನಪಾಗುವುದು 1982ರ ಚಳವಳಿ. ಆ ಚಳವಳಿಗೆ ಹೆಸರು ಬಂದುದು ವಿ.ಕೃ. ಗೋಕಾಕರ ಅಧ್ಯಕ್ಷತೆಯ ಸಮಿತಿಯ ವರದಿಯಿಂದ. ಅವರು ಹುಟ್ಟಿದ್ದಾದರೋ ಸವಣೂರಿನಲ್ಲಿ. ಊರಾದ ಗೋಕಾಕವನ್ನು ಹೊರಗಿನವರು ಬಲ್ಲದ್ದು ಬಹುಪಾಲು ಒಂದೇ ಚಿತ್ರದ ಮೂಲಕ. ಕುದುರೆಲಾಳದ ಆಕಾರದ ಬಂಡೆಯಂಚಿನಿಂದ ಸುಮಾರು 52 ಮೀಟರ್ ಕೆಳಕ್ಕೆ ಧುಮುಕುವ ಘಟಪ್ರಭೆ, ಅದರ ಮೇಲುಗಡೆ ಹೊಳೆಗೆ ಅಡ್ಡಲಾಗಿ ಎಳೆದ ಗೆರೆಯಂತೆ ಕಾಣುವ ತೂಗುಸೇತುವೆ. ಯಮಕನಮರಡಿಯ ಬಳಿ ಹೆದ್ದಾರಿ ಬಿಟ್ಟು ಪೂರ್ವಕ್ಕೆ ಹೊರಳುವ ಪ್ರವಾಸಿ ಈ ಚಿತ್ರವನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಂಡು ಬರುತ್ತಾನೆ; ಅದನ್ನೇ ಮತ್ತೊಮ್ಮೆ ತೆಗೆದುಕೊಂಡು ಹೋಗುತ್ತಾನೆ.

ಈ ಚಿತ್ರ ಏನನ್ನು ತೋರಿಸುತ್ತದೆ ಎಂಬುದಕ್ಕಿಂತ ಏನನ್ನು ಮರೆಸುತ್ತದೆ ಎಂಬುದು ಮುಖ್ಯ ಪ್ರಶ್ನೆ. ಸೇತುವೆಯ ಉದ್ದ ಸುಮಾರು 201 ಮೀಟರ್. ಬಂಡೆಯ ಹಾಸಿನಿಂದ ಅದರ ಎತ್ತರ ಸುಮಾರು 14 ಮೀಟರ್. ಅದು ನೋಟಕ್ಕಾಗಿ ಕಟ್ಟಿದ್ದಲ್ಲ. 1880ರ ದಶಕದಲ್ಲಿ ಜಲಪಾತದ ಶಕ್ತಿಯನ್ನು ನಂಬಿ ಇಲ್ಲಿ ನೂಲಿನ ಗಿರಣಿ ಬಂದಿತು. ಗಿರಣಿಯ ಸುತ್ತ ಊರು ಬೆಳೆಯಿತು. ಹೊಳೆಯ ಎರಡು ದಡಗಳ ನಡುವೆ ಓಡಾಟ ದಿನನಿತ್ಯದ ಅಗತ್ಯವಾಯಿತು. ಪ್ರಚಲಿತ ಚಿತ್ರದಲ್ಲಿ ಗಿರಣಿ ಇರುವುದಿಲ್ಲ. ಇದ್ದರೂ ಅಂಚಿನಲ್ಲಿ ಕತ್ತರಿಸಲ್ಪಟ್ಟಿರುತ್ತದೆ. ಪಾಳಿ ಮುಗಿಸಿ ಬರುವ ಕಾರ್ಮಿಕರಂತೂ ಇಲ್ಲವೇ ಇಲ್ಲ. ಸೇತುವೆಯ ಮೇಲೆ ಮನುಷ್ಯರಿದ್ದರೆ ಅವರು ಛಾಯಾಗ್ರಾಹಕನಿಗೆ ಎದುರಾಗಿ ನಿಂತ ಪ್ರವಾಸಿಗಳು.

ಕಾಲದ ವಿಷಯದಲ್ಲಿಯೂ ಇದೇ ಕತ್ತರಿ ಆಡಿದೆ. ಮೇಲ್ಭಾಗದಲ್ಲಿ ಹಿಡಕಲ್ ಜಲಾಶಯವಿದೆ, ಧೂಪದಾಳದ ಒಡ್ಡು ಇದೆ. ಹೀಗಾಗಿ ಜಲಪಾತ ಮೈದುಂಬುವುದು ಮಳೆಗಾಲದ ಕೆಲವು ವಾರ ಮಾತ್ರ. ಉಳಿದ ತಿಂಗಳುಗಳಲ್ಲಿ ಕಾಣುವುದು ಬರಿಯ ಬಂಡೆ, ನಡುವೆ ಸಣ್ಣ ನೀರಿನ ಎಳೆ. ಚಿತ್ರಗಳೆಲ್ಲ ಆ ಕೆಲವು ವಾರಗಳವು. ‘ಕರ್ನಾಟಕದ ನಯಾಗರ’ ಎಂಬ ಎರವಲು ಬಿರುದಿಗೆ ಒಪ್ಪುವ ನೀರು ಆಗ ಮಾತ್ರ ಇರುತ್ತದೆಯಷ್ಟೆ. ಆದರೆ ಸೇತುವೆ ವರ್ಷವಿಡೀ ಇರುತ್ತದೆ. ಬೇಸಿಗೆಯಲ್ಲಿ ಬಂಡೆಯ ಮೇಲಿಂದ ತೆಗೆದ ಒಂದು ಚಿತ್ರ ಅದರ ಅಡಿಭಾಗವನ್ನು, ಹಲಗೆಗಳ ಜೋಡಣೆಯನ್ನು, ಉಕ್ಕಿನ ಹಗ್ಗಗಳ ಸ್ಥಿತಿಯನ್ನು ಹೇಳಬಲ್ಲದು. ಅಂಥ ಚಿತ್ರಕ್ಕೆ ಬೇಡಿಕೆಯಿಲ್ಲ.

ಇದು ಕೇವಲ ಸೌಂದರ್ಯಮೀಮಾಂಸೆಯ ತಕರಾರಲ್ಲ. 2022ರ ಅಕ್ಟೋಬರ್ 30ರಂದು ಗುಜರಾತಿನ ಮೋರ್ಬಿಯಲ್ಲಿ ಮಚ್ಛು ನದಿಯ ಹಳೆಯ ತೂಗುಸೇತುವೆ ಕುಸಿದು 135 ಜನ ಸತ್ತರು. ತುಕ್ಕು ಹಿಡಿದ ಹಗ್ಗದ ಎಳೆಗಳು ಮೊದಲೇ ತುಂಡಾಗಿದ್ದವೆಂದೂ ಮರದ ಹಲಗೆಗಳ ಬದಲು ಹಾಕಿದ ಅಲ್ಯೂಮಿನಿಯಂ ಹಾಸು ಭಾರವನ್ನು ಹೆಚ್ಚಿಸಿತೆಂದೂ ತನಿಖಾ ತಂಡ ಗುರುತಿಸಿತು. ದುರಸ್ತಿಗೆ ಮೊದಲು ಸೇತುವೆ ಹೇಗಿತ್ತು, ಯಾವ ವರ್ಷ ಏನು ಬದಲಾಯಿತು ಎಂಬುದನ್ನು ಹೇಳಬಲ್ಲ ಸಾಕ್ಷ್ಯಗಳಲ್ಲಿ ತಾರೀಖು ಇರುವ ಛಾಯಾಚಿತ್ರವೂ ಒಂದು. ತಾರೀಖಿಲ್ಲದ ಸಾವಿರ ಸುಂದರ ಚಿತ್ರಗಳು ಆ ಕೆಲಸಕ್ಕೆ ಬರುವುದಿಲ್ಲ.

ಸೇತುವೆಯ ಚಿತ್ರಕ್ಕೂ ಕನ್ನಡ ವಿಭಾಗಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ಏಳುವುದು ಸಹಜ. ಕನ್ನಡ ಸಂಶೋಧನೆಯ ಚರಿತ್ರೆಯೇ ಇದಕ್ಕೆ ಉತ್ತರ ಕೊಡುತ್ತದೆ. ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪವನ್ನು ಕುರಿತು ಡಾ. ಪಿಗೌ, ನೀಲ್, ಬಿಗ್ಸ್ ಅವರ ಛಾಯಾಚಿತ್ರಗಳಿದ್ದ ಗ್ರಂಥ 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಚಾರಿತ್ರಿಕ ಭಾಗವನ್ನು ಮೆಡೋಸ್ ಟೇಲರ್ ಬರೆದರು. ಜೆ.ಎಫ್. ಫ್ಲೀಟ್ 1878ರಲ್ಲಿ ಹೊರತಂದ ಸಂಪುಟ ಶಾಸನಗಳ ಛಾಯಾಚಿತ್ರಗಳದೇ ಸಂಗ್ರಹ. ಅಂದರೆ ಈ ಭಾಗದ ಶಾಸನಾಧ್ಯಯನಕ್ಕೆ ಛಾಯಾಚಿತ್ರ ಅಲಂಕಾರವಾಗಿ ಬಂದುದಲ್ಲ, ಪಠ್ಯವಾಗಿ ಬಂದಿತು. ವಿದ್ವಾಂಸರು ಅದರಲ್ಲಿ ಅಕ್ಷರ ಅಕ್ಷರವನ್ನು ಓದಿದರು. ಆ ಯೋಜನೆಯ ಹಿಂದೆ ವಸಾಹತುಶಾಹಿಯ ಹಿತಾಸಕ್ತಿ ಇದ್ದುದು ನಿಜ. ಗುಡಿಗಳನ್ನು ಎತ್ತಿ ಹಿಡಿದು, ಅವುಗಳ ಸುತ್ತ ಬಾಳುತ್ತಿದ್ದ ಜನರನ್ನು ಅಳತೆಗೋಲಿನಂತೆ ನಿಲ್ಲಿಸಿದ ದೃಷ್ಟಿ ಅದು. ಆದರೂ ಎಲ್ಲಿಯದು, ಯಾರು ತೆಗೆದದ್ದು ಎಂಬುದನ್ನು ಗುರುತಿಸಿಡುವ ಶಿಸ್ತು ಅಲ್ಲಿತ್ತು. ನಂತರದ ಕನ್ನಡ ವಿದ್ವತ್ತು ಆ ದೃಷ್ಟಿಯನ್ನು ಸಕಾರಣವಾಗಿ ಟೀಕಿಸಿತು. ಟೀಕಿಸುವ ಭರದಲ್ಲಿ ಶಿಸ್ತನ್ನೂ ಕೈಬಿಟ್ಟಿತು.

ಇಂದು ಜಿಲ್ಲಾ ದರ್ಶನಗಳಲ್ಲಿ, ಸ್ಮರಣಸಂಚಿಕೆಗಳಲ್ಲಿ, ಸಂಶೋಧನ ಪ್ರಬಂಧಗಳ ಅನುಬಂಧಗಳಲ್ಲಿಯೂ ಗೋಕಾಕದ ಚಿತ್ರ ಹೆಸರಿಲ್ಲದೆ ಬರುತ್ತದೆ. ಹಸ್ತಪ್ರತಿಯ ಪುಷ್ಪಿಕೆ ಕಳೆದುಹೋಗಿದ್ದರೆ ಪುಟಗಟ್ಟಲೆ ಚರ್ಚಿಸುವ ಸಂಪಾದಕ, ಅದೇ ಗ್ರಂಥದಲ್ಲಿ ‘ಜಲಪಾತದ ಒಂದು ದೃಶ್ಯ’ ಎಂದಷ್ಟೇ ಬರೆದು ಚಿತ್ರವನ್ನು ಅಂಟಿಸುತ್ತಾನೆ. ತ್ರುಟಿತ ಶಾಸನದಲ್ಲಿಯಾದರೂ ಲಿಪಿಯ ಸ್ವರೂಪದಿಂದ ಕಾಲವನ್ನು ಊಹಿಸಬಹುದು. ಹಲವು ಸಲ ನಕಲಾಗಿ, ಅಂಚು ಕತ್ತರಿಸಿಕೊಂಡು ಬಂದ ಚಿತ್ರದಲ್ಲಿ ಆ ಅವಕಾಶವೂ ಕ್ಷೀಣ.

ಬೆಟಗೇರಿ ಕೃಷ್ಣಶರ್ಮರೂ ಬಸವರಾಜ ಕಟ್ಟೀಮನಿಯವರೂ ಹುಟ್ಟಿದುದು ಗೋಕಾಕ ತಾಲ್ಲೂಕಿನ ಹಳ್ಳಿಗಳಲ್ಲಿ, ಬೆಟಗೇರಿ ಹಾಗೂ ಮಲಾಮರಡಿಯಲ್ಲಿ. ಇವರ ನೆಲವನ್ನು ಪರಿಚಯಿಸುವಾಗ ಧುಮ್ಮಿಕ್ಕುವ ನೀರನ್ನೇ ಹಿನ್ನೆಲೆಯಾಗಿ ಹಾಕುವುದು ರೂಢಿಯಾಗಿಬಿಟ್ಟಿದೆ. ಕೆಳವರ್ಗದ ಬದುಕನ್ನು ಕಾದಂಬರಿಗೆ ತಂದ ಕಟ್ಟೀಮನಿಯವರ ಓದಿಗೆ ಗಿರಣಿಯ ಪಾಳಿ ಬದಲಾಗುವ ಹೊತ್ತಿನ ಒಂದು ಚಿತ್ರ ನೆರವಾದಷ್ಟು ಜಲಪಾತದ ಚಿತ್ರ ನೆರವಾಗದು.

ಅಂಥ ಚಿತ್ರಗಳನ್ನು ಹುಡುಕಬೇಕಾದುದು ಪ್ರವಾಸೋದ್ಯಮದ ಪುಸ್ತಿಕೆಗಳಲ್ಲಲ್ಲ. ಗೋಕಾಕ, ಹುಕ್ಕೇರಿ, ಯಮಕನಮರಡಿಯಂಥ ಊರುಗಳ ಹಳೆಯ ಸ್ಟುಡಿಯೋಗಳಲ್ಲಿ, ಗಿರಣಿಯಿಂದ ನಿವೃತ್ತರಾದವರ ಮನೆಯ ಗೋಡೆಗಳಲ್ಲಿ, ಮದುವೆಯಾದ ಹೊಸತರಲ್ಲಿ ‘ಫಾಲ್ಸ್ ನೋಡಾಕ’ ಬಂದವರ ಆಲ್ಬಮ್ಮುಗಳಲ್ಲಿ ಹುಡುಕಬೇಕು. ಮುಂದೆ ನಿಂತ ದಂಪತಿಗಳಿಗೆ ಅದು ಮದುವೆಯ ನೆನಪು. ಸಂಶೋಧಕನಿಗೆ ಅವರ ಬೆನ್ನ ಹಿಂದಿನ ಹಲಗೆಯ ಸಾಲೂ ಆಕರ. ಮನೆಯವರ ಒಪ್ಪಿಗೆಯಿಲ್ಲದೆ ಅದನ್ನು ಅಚ್ಚು ಹಾಕಬಾರದು ಎಂಬುದನ್ನು ಬೇರೆ ಹೇಳಬೇಕಿಲ್ಲ. ಫಿಲ್ಮಿನ ಕಾಲ ಮುಗಿದ ಮೇಲೆ ಸ್ಟುಡಿಯೋಗಳಲ್ಲಿ ನೆಗೆಟಿವ್‌ಗಳನ್ನು ಕಾಪಿಡುವುದಕ್ಕೆ ವ್ಯಾಪಾರದ ಕಾರಣ ಉಳಿದಿಲ್ಲ. ತೇವಕ್ಕೆ ಅವು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಮೇಲೆ ಬಿಡಿಸಹೋದರೆ ಚಿತ್ರದ ಪದರವೇ ಕಿತ್ತುಬರುತ್ತದೆ. ಓಲೆಗರಿಗಾಗಿ ಮಠ ಮಠ ಅಲೆದ ಪರಂಪರೆಯ ವಿಭಾಗಗಳಿಗೆ ಸ್ಟುಡಿಯೋದ ಬಾಗಿಲು ತಟ್ಟುವುದು ಕೀಳೆನಿಸಬೇಕಾಗಿಲ್ಲ. ಎಂ.ಎ. ವಿದ್ಯಾರ್ಥಿಗಳ ಕ್ಷೇತ್ರಕಾರ್ಯದಲ್ಲಿ ಹಾಡು, ಕತೆಗಳ ಜೊತೆಗೆ ಒಂದು ಆಲ್ಬಮ್ಮಿನ ಓದೂ ಸೇರಬಹುದು: ಚಿತ್ರದಲ್ಲಿರುವವರು ಯಾರು, ಅದು ಯಾವ ಹಂಗಾಮು, ತೆಗೆದವರು ಯಾರು ಎಂದು ಮನೆಯ ಹಿರಿಯರನ್ನು ಕೇಳಿ ಬರೆದುಕೊಳ್ಳುವುದು.

ಹೀಗೆ ಕೂಡಿಸುವಾಗ ಸಾಮಾನ್ಯವಾಗಿ ಒಂದು ತಪ್ಪು ನಡೆಯುತ್ತದೆ. ಚಿತ್ರದ ಮುಂಭಾಗವನ್ನಷ್ಟೇ ಸ್ಕ್ಯಾನ್ ಮಾಡಿ ಮೂಲವನ್ನು ಮನೆಯವರಿಗೆ ಮರಳಿಸಲಾಗುತ್ತದೆ. ಸ್ಟುಡಿಯೋದ ಮುದ್ರೆ, ಪ್ರತಿಯ ಸಂಖ್ಯೆ, ಯಾರೋ ಪೆನ್ಸಿಲಿನಲ್ಲಿ ಬರೆದ ಇಸವಿ ಇರುವುದು ಹಿಂಬದಿಯಲ್ಲಿ.