ಹೃದಯದಿಂದ ಕ್ಷಮಿಸುವುದು



ಸಾಯಂಕಾಲದ ಕುಟುಂಬ ಪ್ರಾರ್ಥನೆಗೆ ಕೂಡುವಾಗ ಮಕ್ಕಳು ಮೊದಲ್ಗೊಂಡು ಹಿರಿಯರ ವರೆಗೂ ನಾವೆಲ್ಲರೂ ಕರ್ತನು ಕಲಿಸಿದ ಪ್ರಾರ್ಥನೆಯನ್ನು ಹೇಳುತ್ತೇವೆ. ಅದರ ಬಿನ್ನಹಗಳಲ್ಲಿ ಒಂದಕ್ಕೆ ಮಾತ್ರ ಒಂದು ಕಟ್ಟಳೆಯು ಸೇರಿಕೊಂಡಿದೆ. ನಾವು ಇತರರಿಗೆ ಅಳೆದುಕೊಟ್ಟ ಕ್ಷಮೆಯನ್ನು ಮುಂದಿಟ್ಟುಕೊಂಡೇ ನಮಗೆ ಕ್ಷಮೆಯನ್ನು ಬೇಡತಕ್ಕವರಾಗಿದ್ದೇವೆ. ಬಾಯಿಪಾಠವಾದ ಮಾತು ನಾಲಗೆಯ ಮೇಲೆ ಸುಲಭವಾಗಿ ಹರಿಯುತ್ತದೆ. ಆದರೆ ಆಸ್ತಿಯ ಪಾಲಿನ ಕಾಲದಲ್ಲಿ ಮನಸ್ಸು ಮುರಿದುಕೊಂಡ ಅಣ್ಣನ ಮನೆಯ ಹೊಸ್ತಿಲನ್ನು ಎಷ್ಟು ವರುಷಗಳಿಂದ ತುಳಿದಿಲ್ಲವೆಂಬುದು ಆ ವೇಳೆಯಲ್ಲಿ ನೆನಪಾಗುವುದಿಲ್ಲ. ಯಾರಾದರೂ ನೆನಪಿಗೆ ತಂದರೆ, "ನಾವು ಎಂದೋ ಕ್ಷಮಿಸಿದ್ದೇವೆ, ಅವರ ಮುಖ ನೋಡುವುದು ಮಾತ್ರ ಬೇಡ" ಎನ್ನುತ್ತೇವೆ. ಇದು ಕ್ಷಮೆಯೋ?

ಸಹೋದರನನ್ನು ಎಷ್ಟು ಸಾರಿ ಕ್ಷಮಿಸಬೇಕೆಂದು ಪೇತ್ರನು ಕೇಳಿದಾಗ ಯೇಸು ಸ್ವಾಮಿಯು ಹೇಳಿದ ಸಾಮ್ಯವು ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿದೆ. ಅರಸನಿಗೆ 10,000 ತಲಾಂತು ಸಾಲ ತೀರಿಸಬೇಕಾಗಿದ್ದ ಆಳು ಬಿಡುಗಡೆ ಹೊಂದಿ ಹೊರಗೆ ಬಂದ ಕೂಡಲೇ, ತನಗೆ 100 ದಿನಗಳ ಕೂಲಿಯಷ್ಟು ಸಾಲ ಕೊಡಬೇಕಾಗಿದ್ದ ಜೊತೆಯಾಳಿನ ಕುತ್ತಿಗೆ ಹಿಡಿದನು. ಒಂದು ತಲಾಂತೆಂದರೆ ಸುಮಾರು 6,000 ದಿನಗಳ ಕೂಲಿ. ಅವನಿಗೆ ಬಿಟ್ಟುಕೊಟ್ಟ ಸಾಲವು ಅವನು ಬಿಡಲಾರದೆ ಹೋದ ಸಾಲದ 6 ಲಕ್ಷದಷ್ಟಿತ್ತು! ಹೃದಯದಿಂದ ಕ್ಷಮಿಸಬೇಕೆಂದೇ ಕರ್ತನು ಆ ಸಾಮ್ಯವನ್ನು ಮುಗಿಸಿದನು. ವಸೂಲು ಮಾಡುವುದಿಲ್ಲವೆಂದು ಬಾಯಲ್ಲಿ ಹೇಳಿ ಸಾಲಪತ್ರವನ್ನು ಪೆಟ್ಟಿಗೆಯಲ್ಲಿ ಭದ್ರವಾಗಿಟ್ಟುಕೊಳ್ಳುವುದು ತುಟಿಯ ಕ್ಷಮೆ. ಪತ್ರವನ್ನು ಹರಿದುಹಾಕುವುದು ಹೃದಯದ ಕ್ಷಮೆ.

"ಮನಸ್ಸಿನಲ್ಲಿ ಪ್ರೀತಿಯೇ ಹುಟ್ಟದಿರುವಾಗ ಕ್ಷಮಿಸಿದೆವೆನ್ನುವುದು ಕಪಟವಲ್ಲವೋ?" ಎಂದು ಕೆಲವರು ಕೇಳುವುದುಂಟು. ಇದು ಪ್ರಾಮಾಣಿಕವಾದ ಪ್ರಶ್ನೆ. ಇದಕ್ಕೆ ಹಾಲೆಂಡ್ ದೇಶದ ಒಬ್ಬ ಸ್ತ್ರೀಯ ಅನುಭವವು ಉತ್ತರ ಕೊಡುತ್ತದೆ.

ಹಾರ್ಲೆಮ್ ಪಟ್ಟಣದ ಗಡಿಯಾರದ ಅಂಗಡಿಯೊಂದರ ಮೇಲಿನ ಮನೆಯಲ್ಲಿ ಕೊರಿ ಟೆನ್ ಬೂಮ್ ಎಂಬಾಕೆ ತನ್ನ ತಂದೆಯೊಡನೆಯೂ ಅಕ್ಕ ಬೆಟ್ಸಿಯೊಡನೆಯೂ ವಾಸಿಸುತ್ತಿದ್ದಳು. ಜರ್ಮನಿಯ ನಾಜಿಗಳು ಆ ದೇಶವನ್ನು ಆಕ್ರಮಿಸಿಕೊಂಡಿದ್ದಾಗ ಈ ಕುಟುಂಬದವರು ಯೆಹೂದ್ಯರನ್ನು ತಮ್ಮ ಮನೆಯಲ್ಲಿ ಬಚ್ಚಿಟ್ಟು ಕಾಪಾಡಿದರು. 1944ರ ಫೆಬ್ರವರಿಯಲ್ಲಿ ಎಲ್ಲರೂ ಸೆರೆಯಾದರು. 84 ವರುಷದ ತಂದೆಯು ಹತ್ತೇ ದಿನಗಳಲ್ಲಿ ಸೆರೆಯಲ್ಲಿಯೇ ತೀರಿಹೋದನು. ಬೆಟ್ಸಿಯು ಅದೇ ವರುಷದ ಡಿಸೆಂಬರಿನಲ್ಲಿ ರಾವೆನ್ಸ್‌ಬ್ರೂಕ್ ಸೆರೆಶಿಬಿರದಲ್ಲಿ ಪ್ರಾಣಬಿಟ್ಟಳು. ಕೆಲವು ದಿನಗಳ ತರುವಾಯ ಕೊರಿಗೆ ಬಿಡುಗಡೆಯಾಯಿತು.

1947ರಲ್ಲಿ ಆಕೆ ಜರ್ಮನಿಯ ಮ್ಯೂನಿಕ್ ನಗರದ ಒಂದು ದೇವಾಲಯದಲ್ಲಿ ದೇವರ ಕ್ಷಮೆಯನ್ನು ಕುರಿತು ಮಾತಾಡಿದಳು. ಸಭೆ ಮುಗಿದ ಮೇಲೆ ಒಬ್ಬ ಮನುಷ್ಯನು ಹತ್ತಿರ ಬಂದನು. ಆ ಶಿಬಿರದ ಕಾವಲುಗಾರರಲ್ಲಿ ಒಬ್ಬನೇ ಅವನು! ಅವನಿಗೆ ಆಕೆಯ ಗುರುತು ಹತ್ತಲಿಲ್ಲ, ಆಕೆಗೆ ಹತ್ತಿತು. ತಾನು ಈಗ ಕ್ರೈಸ್ತನಾಗಿರುವುದಾಗಿ ಹೇಳಿ, ಕ್ಷಮೆ ಕೇಳಿ, ಕೈ ಚಾಚಿದನು. ಈಗ ತಾನೇ ಕ್ಷಮೆಯನ್ನು ಸಾರಿದ ಆಕೆಯ ಕೈ ಮೇಲೇಳಲಿಲ್ಲ. ಮನಸ್ಸಿನಲ್ಲಿ ಪ್ರೀತಿಯ ಹನಿಯೂ ಇರಲಿಲ್ಲ. ಕೈಯನ್ನು ನಾನು ಎತ್ತಬಲ್ಲೆನು, ಪ್ರೀತಿಯನ್ನು ನೀನೇ ಕೊಡು ಎಂಬ ಭಾವದಿಂದ ಆಕೆ ಮೌನವಾಗಿ ಪ್ರಾರ್ಥಿಸಿ, ಮರದ ಕೊರಡಿನಂತಿದ್ದ ಕೈಯನ್ನು ನೀಡಿದಳು. ಆ ಕೈಗಳು ಕೂಡಿದ ಮೇಲೆಯೇ ಹೃದಯವು ಕರಗಿ ಕಣ್ಣು ತುಂಬಿತೆಂದು ಆಕೆ ಸಾಕ್ಷಿ ಹೇಳಿದ್ದಾಳೆ.

ಇಲ್ಲಿ ಕಪಟವೆಲ್ಲಿದೆ? ಇಲ್ಲದ ಪ್ರೀತಿಯನ್ನು ಇದೆಯೆಂದು ನಟಿಸುವುದು ಕಪಟ. ಇಲ್ಲವೆಂದು ದೇವರ ಮುಂದೆ ಒಪ್ಪಿಕೊಂಡು ಕೈ ನೀಡುವುದು ವಿಧೇಯತೆ. ಕ್ಷಮಿಸಿದ ಮೇಲೂ ಹಳೆಯ ನೋವು ಮರಳಿ ಬಂದರೆ ಎದೆಗುಂದಬೇಕಾಗಿಲ್ಲ. ಕೊರಿಗೂ ಹಾಗಾದದ್ದುಂಟು. ಹಗ್ಗವನ್ನು ಕೈಬಿಟ್ಟ ಮೇಲೂ ದೇವಾಲಯದ ಗಂಟೆಯು ಕೆಲವು ಸಾರಿ ಬಾರಿಸಿ, ಬರಬರುತ್ತಾ ನಿಲ್ಲುವಂತೆಯೇ ಇದೂ ಎಂದು ಒಬ್ಬ ಬೋಧಕರು ಆಕೆಗೆ ತಿಳಿಸಿದರು. ಹಗ್ಗವನ್ನು ತಿರಿಗಿ ಹಿಡಿಯದಿರುವುದೇ ನಮ್ಮ ಪಾಲಿನ ಕೆಲಸ.

ಆದರೆ ಒಂದು ಮಾತನ್ನು ಮರೆಯಬಾರದು. ಕ್ಷಮಿಸುವುದೆಂದರೆ ಅನ್ಯಾಯವನ್ನು ನ್ಯಾಯವೆನ್ನುವುದಲ್ಲ. ಮನೆಯಲ್ಲಿ ದಿನವೂ ಪೆಟ್ಟು ತಿನ್ನುವವಳಿಗೆ ಸುಮ್ಮನಿರೆಂದು ಬೋಧಿಸುವುದು ಕ್ಷಮೆಯ ಉಪದೇಶವಲ್ಲ. ಆಕೆಗೆ ಆಶ್ರಯವೂ ಕಾನೂನಿನ ರಕ್ಷಣೆಯೂ ದೊರಕತಕ್ಕದ್ದು. ಕ್ಷಮೆಯು ಮುಯ್ಯಿ ತೀರಿಸುವ ಆಸೆಯನ್ನು ಬಿಡಿಸುತ್ತದೆಯೇ ಹೊರತು ಸತ್ಯವನ್ನು ಮುಚ್ಚುವುದಿಲ್ಲ.

ವಾಚಕರೇ, ಕಾವಲುಗಾರನಿಗೆ ಆಕೆ ಕೈ ನೀಡಿದಳು. ನಮ್ಮಲ್ಲಿ ಅನೇಕರು ನೀಡಬೇಕಾದದ್ದು ಒಡಹುಟ್ಟಿದವರಿಗೆ. ಈ ಸಾಯಂಕಾಲ ಆ ಬಿನ್ನಹವು ಬಾಯಿಗೆ ಬರುವ ಮುಂಚೆ ಒಂದು ಕ್ಷಣ ತಡೆಯೋಣ. ನಮ್ಮ ಪೆಟ್ಟಿಗೆಯಲ್ಲಿ ಯಾರ ಸಾಲಪತ್ರವಿದೆಯೆಂದು ನೋಡೋಣ. ಪ್ರೀತಿ ಬರಲೆಂದು ಕಾದು ಕುಳಿತರೆ ಆ ಅಣ್ಣನ ಹೊಸ್ತಿಲು ಇನ್ನೂ ದೂರವಾದೀತು. ನಡೆಯಲು ಕಾಲುಗಳು ನಮಗುಂಟು. ಹೋಗೋಣ, ಪ್ರೀತಿಯನ್ನು ಕರ್ತನು ದಾರಿಯಲ್ಲಿ ಕೊಡುವನು.